ಲಂಡನ್ ಮುಟ್ಟುವವರೆಗೆ

ಮನೆಯಿಂದ ಯಾರಾದರೂ ಪ್ರಯಾಣ ಹೊರಟರೆ, ಅವರು ಹೋದ ಊರು ಮುಟ್ಟುವವರೆಗೆ ನಮ್ಮಲ್ಲಿ ಕಸ ಗುಡಿಸುವಂತಿರಲಿಲ್ಲ. ಬೆನ್ನ ಹಿಂದೆಯೇ ಗುಡಿಸಿದರೆ ಹೋದವರು ತಿರುಗಿ ಬರುವುದಿಲ್ಲ ಅನ್ನುತ್ತಿದ್ದಳು ಅಜ್ಜಿ. ಹೊಳೆನರಸೀಪುರದಿಂದ ಹಾಸನಕ್ಕೋ ಚನ್ನರಾಯಪಟ್ಟಣಕ್ಕೋ ಹೋದರೆ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ; ಬಸ್ಸು ಮುಟ್ಟುವ ಹೊತ್ತು ಅವಳಿಗೆ ಬಾಯಿಪಾಠ. ಅರವತ್ತರ ದಶಕದ ಶುರುವಿನಲ್ಲಿ ಅಣ್ಣ ಓದಲೆಂದು ಲಂಡನ್ನಿಗೆ ಹೊರಟಾಗ ಮಾತ್ರ ಲೆಕ್ಕ ಕೆಟ್ಟಿತು.

ಈ ರಾತ್ರಿ ಬೊಂಬಾಯಿಯಲ್ಲಿ ವಿಮಾನ ಹತ್ತುತ್ತೇನೆಂದು ಅವನ ತಂತಿ ಬಂದ ಕೂಡಲೇ ಅಜ್ಜಿ ಪೊರಕೆಯನ್ನು ಅಟ್ಟಕ್ಕೆ ಹಾಕಿದಳು. ಮಾರನೆಯ ದಿನ ಅರಕಲಗೂಡಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅದಕ್ಕೆ ಮೊದಲೇ ಎರಡು ಸಂಬಂಧ ಮುರಿದುಬಿದ್ದಿದ್ದವು. ಇದೂ ತಪ್ಪಿಹೋದರೆ ಗತಿಯೇನೆಂದು ಅಮ್ಮನಿಗೆ ಅನ್ನ ಸೇರುತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದ ಚಿಕ್ಕಪ್ಪ ಬೆಳಿಗ್ಗೆ ಭೂಪಟದ ಮೇಲೆ ದಾರ ಹಿಡಿದು ಅಳೆದ. ನಾಲ್ಕೂವರೆ ಸಾವಿರ ಮೈಲಿ. ದಾರಿಯಲ್ಲಿ ಅಲ್ಲಲ್ಲಿ ಇಳಿದು ಹತ್ತಿದರೂ ಮಧ್ಯಾಹ್ನದ ಹೊತ್ತಿಗೆ ಮುಟ್ಟುತ್ತಾನೆ ಅಂದ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಮೇಷ್ಟರ ಬಾಯಿ, ಸುಮ್ಮನಿರಲಿಲ್ಲ. ಅಲ್ಲಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ ಎಂದೂ ಹೇಳಿದ.

"ಅಂಗಾದ್ರೆ ಇನ್ನೂ ಐದೂವರೆ ಗಂಟೆ ಕಾಯ್ಬೇಕು ಕಣ್ಲಾ," ಅಂದಳು ಅಜ್ಜಿ.

"ಗಡಿಯಾರ ಹಿಂದೆ ಕಣವ್ವ, ವಿಮಾನ ಅಲ್ಲ."

"ಹೊತ್ತೇ ಹಿಂದಿರೋವಾಗ ಅವ್ನೆಂಗ್ಲಾ ಬೇಗ ಓಯ್ತಾನೆ?"

ಚಿಕ್ಕಪ್ಪ ಭೂಪಟ ಸುತ್ತಿಟ್ಟ.

ಮಧ್ಯಾಹ್ನ ಕಳೆದು ಗಂಡಿನವರು ಬಂದರು. ಹಿಂದಿನ ದಿನ ಹಿತುಕಿದ ಅವರೆಯ ಸಿಪ್ಪೆ ಪಡಸಾಲೆಯ ತುಂಬ ಬಿದ್ದಿತ್ತು. ಅದರ ಮೇಲೆಯೇ ಜಮಖಾನ ಹಾಸಿದ್ದೆವು. ಹುಡುಗನ ತಾಯಿ ಕೂರುವ ಮೊದಲು ಒಂದೊಂದು ಮೂಲೆಯನ್ನೂ ನೋಡಿದರು. ಅಪ್ಪ ನಾಚಿಕೊಂಡು ಕಾರಣ ಹೇಳಿದ. ಅಜ್ಜಿ ನೇರವಾಗಿ ಹುಡುಗನನ್ನೇ ಕೇಳಿದಳು: "ಓದ್ದೋನು ನೀನು, ಯೋಳಪ್ಪ, ನಮ್ಮುಡ್ಗ ಈಗ ಮುಟ್ಟಿರ್ತಾನಾ?"

ಬೆಳಗಿನಿಂದ ಅಜ್ಜಿ ಯಾರನ್ನು ಕೇಳಿದರೂ ತಲೆಗೊಂದು ಲೆಕ್ಕ ಹೇಳಿದ್ದರು. ಅವನು, "ನಂಗೊತ್ತಿಲ್ಲಜ್ಜಿ. ತಂತಿ ಬರ್ಲಿ, ಆಮೇಲೇ ಗುಡಿಸಿ," ಅಂದ. ಬಗ್ಗಿಸಿದ ತಲೆಯನ್ನು ನಾನು ಆಗ ಎತ್ತಿ ನೋಡಿದೆ. ಅವನು ನನಗೆ ಬಹಳ ಇಷ್ಟವಾದ. ಅದನ್ನು ನನ್ನನ್ನು ಯಾರೂ ಕೇಳಲಿಲ್ಲ.

ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆಂದು ಅವರು ಎದ್ದರು. ಅಪ್ಪ ಬಸ್ಸು ಹತ್ತಿಸಲು ಜೊತೆಗೆ ಹೋದ. ಅವರು ಬೀದಿಯ ತಿರುವು ದಾಟಿದ್ದರಷ್ಟೆ, ತಂತಿಯವನು ಬಂದ. ಅಣ್ಣ ಸುಖವಾಗಿ ತಲುಪಿದ್ದ.

ಅಜ್ಜಿ ಅತ್ತುಕೊಂಡೇ ದೇವರಿಗೆ ಕೈಮುಗಿದಳು. ದೀಪ ಹಚ್ಚುವುದರೊಳಗೆ ಆಗಿಬಿಡಲಿ ಎಂದು ಅಟ್ಟದಿಂದ ಪೊರಕೆ ಇಳಿಸಿ, ಜಮಖಾನ ಸುತ್ತಿಸಿ, ಪಡಸಾಲೆಯನ್ನು ಒಂದು ಸಿಪ್ಪೆಯೂ ಉಳಿಯದಂತೆ ಗುಡಿಸಿ ಬೀದಿಗೆ ತಳ್ಳಿದಳು. ಸಂತೋಷದಲ್ಲಿ ಅವಳಿಗೆ ಬೇರೆ ಯಾರೂ ನೆನಪಾಗಲಿಲ್ಲ. ನಾನು ಕಂಬ ಹಿಡಿದು ನೋಡುತ್ತಾ ನಿಂತಿದ್ದೆ.

ಅರಕಲಗೂಡಿನ ಬಸ್ಸು ಇನ್ನೂ ಹೊರಟೇ ಇರಲಿಲ್ಲ. ಅವರು ಮತ್ತೆ ನಮ್ಮ ಮನೆಗೆ ಬರಲಿಲ್ಲ.