ಗೆರೆ ದಾಟಿದ ಮೇಲೂ ಓಡಿದ ಅಕ್ಕ

ಅಕ್ಕ ಅಂದು ಯಾವ ಸೀರೆ ಉಟ್ಟಿದ್ದಳು, ಎಷ್ಟು ಜನ ಓಡಿದರು ಎಂಬುದನ್ನೆಲ್ಲ ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆದರೆ ಸಿದ್ದಾಪುರದ ಶಾಲೆಯ ಕ್ರೀಡಾಕೂಟದಲ್ಲಿ, ತಾಯಂದಿರ ಓಟದ ಕೊನೆಯ ಗೆರೆ ದಾಟಿದ ಮೇಲೂ ಅವಳು ನಿಲ್ಲಲಿಲ್ಲ ಎಂಬುದು ನಿಜ.

“ನೀವೇ ಫಸ್ಟು, ನಿಲ್ಲಿ ಮಾರಾಯ್ರೆ. ಹೀಂಗೇ ಓಡಿದ್ರೆ ಶಿರಸಿ ಮುಟ್ತೀರಿ,” ಎಂದು ಆಟದ ಮೇಷ್ಟ್ರು ಕೂಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಕ್ಕ ಮೈದಾನದ ಆಚೆ ತುದಿಯ ಬೇಲಿಯವರೆಗೆ ಓಡಿ, ಕಂಬ ಹಿಡಿದು ನಿಂತಳು. ಹತ್ತಿರ ಹೋದಾಗ ಅಳುತ್ತಿದ್ದಳು. ಖಿನ್ನತೆಗೆ ಮಾತ್ರೆ ನುಂಗಲು ಶುರುಮಾಡಿದ ಮೇಲೆ ಅವಳು ಯಾರೊಡನೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಮಗಳ ಹಟಕ್ಕೆ ಓಟಕ್ಕೆ ನಿಂತಿದ್ದಳು, ಅಷ್ಟೆ.

“ಓಡಕಾರೆ ತಲೇಲಿ ಎಂತದೂ ಇತ್ತಿಲ್ಲೆ ತಂಗಿ,” ಎಂದಳು. “ನಿಂತ ಕೂಡ್ಲೆ ಎಲ್ಲ ವಾಪಸ್ ಬಂತು.”

ಕಾಲೇಜಿನಲ್ಲಿ ಅವಳು ನಾಲ್ಕುನೂರು ಮೀಟರ್ ಓಡುತ್ತಿದ್ದಳು. ಮದುವೆಯಾಗಿ ಹೊರಡುವ ದಿನ ಓಟದ ಬೂಟನ್ನೂ ಬ್ಯಾಗಿಗೆ ಹಾಕಿಕೊಂಡಿದ್ದಳು. “ಅಲ್ಲಿ ಎಂತಕ್ಕೆ ಇದು? ಯಾರಾದ್ರೂ ನೋಡಿದ್ರೆ ನಗ್ತ,” ಎಂದು ಅದನ್ನು ತೆಗೆಸಿದ್ದು ನಮ್ಮನ್ನು ಹೆತ್ತ ಆಯಿ ಎಂದೇ ಇಷ್ಟು ವರ್ಷ ನಂಬಿದ್ದೆ. ಬೇಲಿಯ ಹತ್ತಿರ ನಿಂತಾಗ ಆ ಮಾತು ಆಯಿಯ ದನಿಯಲ್ಲಿ ನೆನಪಾಗಲಿಲ್ಲ, ನನ್ನದೇ ದನಿಯಲ್ಲಿ ಕೇಳಿತು.

ಆಯಿಯೋ ನಾನೋ ಎಂಬುದನ್ನು ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟೆ: “ಅಕ್ಕ, ಆ ದಿನ ಬೂಟು ತೆಗೆಸಿದ್ದು ಆಯಿಯಾ, ಆನಾ?” ಅವಳು ಕಿಟಕಿಯ ಕಡೆ ತಿರುಗಿದಳು. ತಿಂಗಳಾಯಿತು, ಇನ್ನೂ ಹೇಳಿಲ್ಲ.