ರೇಡಿಯೊ ಕಾಕಾನಿಗೆ ಅವ್ವ ಕೊಟ್ಟ ಮಾತು

ಎದುರಿಗಿದ್ದವನ ಮುಖ ಕಾಣದೆ ವ್ಯವಹಾರ ಮಾಡಬೇಡಿ. ನನ್ನ ಅಂಗಡಿಗೆ ಕೆಲಸ ಕಲಿಯಲು ಬಂದವರಿಗೆಲ್ಲ ನಾನು ಮೊದಲು ಹೇಳುತ್ತಿದ್ದ ಮಾತು ಇದು. ಬೆಲ್ಲದ ಪೇಟೆಯಲ್ಲಿ ಯಾರಿಗೂ ಕಾಣದಂತೆ ಹೆಗಲ ವಸ್ತ್ರದ, ಅಂದರೆ ವಲ್ಲಿಯ, ಕೆಳಗೆ ಕೈ ಹಾಕಿ ಬೆರಳು ಹಿಡಿದು ದರ ಹೇಳುವಾಗ ಕೈ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಕಣ್ಣನ್ನು ನಂಬಬೇಕು. ಮೂಡಲಗಿಯಲ್ಲಿ ಬೆಲ್ಲದ ಪೆಂಟಿ ಹೊರುವ ಹಮಾಲನಾಗಿದ್ದ ನಾನು ಬೆಲ್ಲ ಕೊಂಡು ಮಾರುವ ಸ್ವಂತ ಅಡತಿ ಅಂಗಡಿ ಹಾಕಿದ್ದು ಇದೊಂದೇ ವಿದ್ಯೆಯಿಂದ. ಹೀಗಿದ್ದೂ ನಮ್ಮ ಮನೆಯ ಅತಿ ದೊಡ್ಡ ವ್ಯವಹಾರ ಮುಖವೇ ಇಲ್ಲದ ಒಬ್ಬನ ಜೊತೆ ನಡೆದುಹೋಯಿತು. ಅದರಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಎರಡನೇ ಮಹಾಯುದ್ಧದ ಕಾಲ. ಹುಕ್ಕೇರಿಯಲ್ಲಿದ್ದ ಒಬ್ಬ ಸಾಹೇಬರಿಗೆ ವರ್ಗವಾಗಿ, ಅವರು ಮನೆಯ ಸಾಮಾನು ಮಾರಿ ಹೊರಟಿದ್ದರು. ನಾನು ಹೋದದ್ದು ಒಂದು ಕಬ್ಬಿಣದ ಮಂಚಕ್ಕೆ. ಮೂಲೆಯಲ್ಲಿ ರೇಡಿಯೊ ಇತ್ತು, ಅದರ ಬ್ಯಾಟರಿ ಸತ್ತಿತ್ತು. ‘ಮಾತಾಡದ ಪೆಟ್ಟಿಗಿ ತೊಗೊಂಡು ಏನ ಮಾಡ್ಲಿ ಸಾಹೇಬ್ರ, ಜೋಳಾ ತುಂಬಿಡಾಕೂ ಬರೂದಿಲ್ಲ’ ಎಂದು ಮುಖ ತಿರುಗಿಸಿದೆ. ಬಾಗಿಲ ತನಕ ಹೋದೆ. ಸಾಹೇಬರು ಕರೆದರು, ಪೆಟ್ಟಿಗೆ ನನ್ನ ದರಕ್ಕೇ ಬಂತು. ಹೊರಟು ನಿಂತವರ ಹತ್ತಿರ ಯಾವಾಗಲೂ ಬಾಗಿಲ ತನಕ ನಡೆದು ನೋಡಿ. ಹೊಸಿಲು ದಾಟಬೇಡಿ, ಅಷ್ಟೇ.

ಮೂಡಲಗಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಬ್ಯಾಟರಿಗೆ ಜೀವ ತುಂಬಿಸಲು ಗೋಕಾಕಕ್ಕೇ ಹೋಗಬೇಕು. ಮೋಟಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಒಳಗಿನ ಸುಡುವ ತೇಜಾಬು ಧೋತರದ ಮೇಲೆ ತುಳುಕದಂತೆ ಹಿಡಿದು ಕೂರಬೇಕು. ಬೇವಿನ ಮರದಿಂದ ಮಾಳಿಗೆಯ ಗಳಕ್ಕೆ ತಂತಿ ಎಳೆದು ಕಿವಿ ತಿರುವಿದರೆ ಮೊದಲು ಒಲೆಯ ಮೇಲಿನ ಹಂಚಿನಂತೆ ಚರ್‍ ಎನ್ನುವ ಸದ್ದು, ಆಮೇಲೆ ಯಾವುದೋ ದೇಶದ ಮಾತು, ಅದರ ಹಿಂದಿನಿಂದ ಮುಂಬಯಿಯ ಹಾಡು. ವಾರದ ಕೆಲವು ಸಂಜೆ ಅದೇ ಮುಂಬಯಿಯಿಂದ ನಮ್ಮ ಮಾತಿನಲ್ಲಿ ಒಬ್ಬ ಮಾತಾಡುತ್ತಿದ್ದ. ಹಳ್ಳಿಯವರಿಗೆ ಬೀಜ, ಗೊಬ್ಬರ, ಜಡ್ಡು-ಬೇನೆಯ ಸುದ್ದಿ ಹೇಳುವವ. ತನ್ನನ್ನು ಕಾಕಾ ಎಂದು ಕರೆದುಕೊಳ್ಳುತ್ತಿದ್ದ.

‘ಏನ್ರೆವ್ವಾ, ಎಲ್ಲಾರೂ ಆರಾಮ ಅದೀರಿಲ್ಲೊ?’ ಎಂದು ಅವನು ಶುರುಮಾಡುವುದೇ ತಡ, ನಮ್ಮ ಮನೆಯ ಕಟ್ಟೆಯ ಮೇಲೆ ಸೇರಿದ ಓಣಿಯ ಹೆಂಗಸರು ಒಟ್ಟಿಗೆ ‘ಆರಾಮ ಅದೀವ್ರಿ, ನೀವು?’ ಎನ್ನುತ್ತಿದ್ದರು. ಕೇಳಿದವರಿಗೆ ಉತ್ತರ ಕೊಡದಿದ್ದರೆ ಸೊಕ್ಕು ಎಂದಾಗುತ್ತದೆ, ನಮ್ಮ ಓಣಿಯಲ್ಲಿ ಆ ಸೊಕ್ಕು ಯಾರಿಗೂ ಇರಲಿಲ್ಲ. ಮೊದಲ ವಾರ ಅವ್ವ ಪೆಟ್ಟಿಗೆಯ ಮುಂದೆ ಎಲೆ-ಅಡಿಕೆಯ ತಾಟನ್ನೂ ಇಟ್ಟಳು. ‘ಅಂವಾ ಹೆಂಗ ತಿಂತಾನಬೇ?’ ಎಂದು ನಾನು ನಕ್ಕರೆ, ‘ತಿನ್ನೂದು ಬಿಡೂದು ಅವನ ಖುಷಿ. ಇಡೂದು ನಮ್ಮ ರೀತಿ’ ಎಂದಳು.

ಅವ್ವನ ಬಗ್ಗೆ ಇಷ್ಟು ಹೇಳಿದರೆ ಸಾಕು: ಕಲ್ಲೋಳಿಯಿಂದ ಕಾಯಿಪಲ್ಲೆ ತರುವ ಹೆಂಗಸರು ಅವಳಿಗೆ ಹೆದರಿ ನಮ್ಮ ಮನೆಯ ಮುಂದೆ ಬುಟ್ಟಿ ಇಳಿಸಲು ಹಿಂದೆಮುಂದೆ ನೋಡುತ್ತಿದ್ದರು. ಚೌಕಾಶಿ ನಾನು ಪೇಟೆಯಲ್ಲಿ ಕಲಿತದ್ದಲ್ಲ, ಅವಳ ಸೆರಗು ಹಿಡಿದು ಕಲಿತದ್ದು. ಅಂಗಳದಲ್ಲಿ ನಮ್ಮದೊಂದು ಹಗೇವು ಇತ್ತು. ನೆಲದಲ್ಲಿ ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ಕಣಜ. ಅದು ತುಂಬಿದ್ದು ಅವ್ವನ ದುಡಿಮೆಯಿಂದ, ಕಾಯ್ದದ್ದು ಅವಳ ಹಟದಿಂದ. ಆದರೆ ಅದರ ಮೇಲೆ ನಿಂತಿದ್ದವನು ನಾನು. ಮನೆಯ ನೆಲದಲ್ಲಿ ಜೋಳ ಇದ್ದವನು ವ್ಯಾಪಾರದ ಯಾವ ಬೈಠಕಿನಿಂದಲಾದರೂ ಎದ್ದು ಬರಬಲ್ಲ. ಇವತ್ತು ಬೆಲ್ಲ ಸಿಗದಿದ್ದರೂ ರಾತ್ರಿ ರೊಟ್ಟಿ ಸಿಗುತ್ತದೆ ಎನ್ನುವ ಧೈರ್ಯ ಮುಖದಲ್ಲಿ ಕಾಣುತ್ತದೆ. ಎದುರಿನವನು ಅದನ್ನು ನೋಡಿಯೇ ಸೋಲುತ್ತಾನೆ. ಹಗೇವು ಬರಿದಾದರೆ ನನ್ನ ಮುಖ ಏನಾದೀತು ಎಂಬುದೊಂದೇ ನನಗಿದ್ದ ಹೆದರಿಕೆ.

ಆ ವರ್ಷ ಕಾಳಿನ ತುಟ್ಟಿ ಬಹಳವಾಗಿತ್ತು. ಒಂದು ಸಂಜೆ ಕಾಕಾ ಬೀಜದ ಮಾತು ಮುಗಿಸಿ, ದನಿ ಇಳಿಸಿ ಹೇಳಿದ: ‘ಯವ್ವಾ, ಯಾರ ಮನಿ ಹಗೇವಿನಾಗ ಜೋಳ ಐತಿ, ಅವ್ರು ಈ ಮಾತ ಕೇಳ್ರಿ. ಬಾಜೂ ಮನಿ ಒಲಿ ಹೊತ್ತವಲ್ದು. ನಿಮ್ಮ ಜೋಳ ಮಣ್ಣಾಗ ಕುಂತೈತಿ. ಅದನ್ನ ತೆಗೀತೀರಿಲ್ಲೊ?’

ಕೇಳಿ ಸುಮ್ಮನಾದ. ಅವನ ರೀತಿಯೇ ಅದು. ಪ್ರಶ್ನೆ ಹಾಕಿ, ಎದುರಿಗೆ ಜನ ಕುಳಿತಿದ್ದಾರೇನೋ ಎನ್ನುವಂತೆ ಕಾಯುತ್ತಿದ್ದ. ಪೇಟೆಯಲ್ಲಿ ನಾನೂ ಅದನ್ನೇ ಮಾಡುತ್ತೇನೆ: ದರ ಹೇಳಿದ ಮೇಲೆ ಬಾಯಿ ಮುಚ್ಚಬೇಕು. ಯಾರು ಮೊದಲು ಮಾತಾಡುತ್ತಾರೋ ಅವರು ಇಳಿದರು. ಅಂದು ಓಣಿಯ ಹೆಂಗಸರು ಯಾರೂ ನಮ್ಮ ಅಂಗಳದ ಹಗೇವಿನ ಕಡೆ ನೋಡಲಿಲ್ಲ, ನೋಡದಿರಲು ಕಷ್ಟಪಡುತ್ತಿದ್ದರು. ಅವನು ಸುಮ್ಮನಿದ್ದಷ್ಟು ಹೊತ್ತಿನಲ್ಲೇ ಅವ್ವನ ದನಿ ಕೇಳಿತು.

‘ತೆಗೀತೀನಪಾ.’

‘ಭೇಷ್!’ ಎಂದು ಕಾಕಾ ನಕ್ಕ.

ಮರುದಿನ ಮುಂಜಾನೆ ರೊಟ್ಟಿಯ ಮುಂದೆ ಕುಳಿತು ಕೇಳಿದೆ, ‘ಯವ್ವಾ, ನಿನ್ನೆ ಚೇಷ್ಟೆ ಮಾಡಿದಿ ಹೌದಿಲ್ಲೊ?’

‘ಯಾವಾಗ ಮಾಡೇನಿ ನಾ ಚೇಷ್ಟೆ?’

‘ಅಂವಾ ಮುಂಬೈದಾಗ ಅದಾನ. ನೀ ಅಂದದ್ದು ಅವಗ ಕೇಳಿಸಿಲ್ಲ.’

‘ಅವಗ ಕೇಳಿಸಿಲ್ಲಂದ್ರ ನನಗ ಕೇಳಿಸೇತಲ್ಲೊ. ಓಣ್ಯಾಗಿನವ್ರಿಗೂ ಕೇಳಿಸೇತಿ.’

‘ಹಂಗಾರ ಒಂದ ಚೀಲ ತೆಗೆದು ಕೊಡು, ಮುಗೀತು.’

ಅವಳು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. ತಪ್ಪು ನನ್ನದೇ. ಹಗೇವು ತೆಗೆದರೆ ಪೂರಾ ತೆಗೆಯಬೇಕು. ಗಾಳಿ ಹೊಕ್ಕ ಮೇಲೆ ಉಳಿದದ್ದು ಹುಳ ಹಿಡಿಯುತ್ತದೆ. ಇದನ್ನು ಅವಳೂ ಬಲ್ಲಳು, ಕಟ್ಟೆಯ ಮೇಲಿದ್ದ ಹೆಂಗಸರೂ ಬಲ್ಲರು, ಅವಳ ಮಾತಿಗೆ ಅವರ ಕಣ್ಣು ಹೊಳೆದದ್ದೂ ಅದಕ್ಕೇ.

ಬೈದರೆ ಕೆಲಸ ಆಗುವುದಿಲ್ಲ ಎಂದು ತಿಳಿದು ಪೇಟೆಯ ದಾರಿ ಹಿಡಿದೆ. ನಮ್ಮಲ್ಲಿ ಕೊಟ್ಟ ಮಾತನ್ನು ವಾಪಸು ಪಡೆಯಲು ಒಂದು ಪದ್ಧತಿ ಇದೆ. ಯಾರೆದುರು ಕೊಟ್ಟೆವೋ ಅವರೆದುರೇ ಹೋಗಿ, ಯಾರಿಗೆ ಕೊಟ್ಟೆವೋ ಅವರನ್ನೇ ಕೇಳಬೇಕು. ಅವರು ‘ಬಿಟ್ಟೆ’ ಎಂದರೆ ಮಾತು ಬಿಟ್ಟಿತು. ‘ಕಾಕಾ ಮತ್ತ ಬರ್ತಾನಲ್ಲ, ಎಲ್ಲಾರ ಮುಂದ ಕೇಳು. ಮನ್ಯಾಗ ಅಡಚಣಿ ಐತಿ, ನನ್ನ ಮಾತ ಬಿಡಪಾ ಅನ್ನು’ ಎಂದೆ. ಅವಳು ‘ಅದು ರೀತಿ ಐತಿ. ಕೇಳತೀನಿ’ ಎಂದಳು. ನಾನು ಒಳಗೊಳಗೇ ನಕ್ಕೆ. ಪೆಟ್ಟಿಗೆ ಏನು ಹೇಳಿದರೂ ಅದನ್ನು ‘ಬಿಟ್ಟೆ’ ಎಂದು ತಿರುಗಿಸುವುದು ನನಗೆ ಎಷ್ಟರ ಕೆಲಸ!

ಅಷ್ಟರಲ್ಲಿ ಬ್ಯಾಟರಿ ಇಳಿಯಿತು. ನಾನೇ ಹೊತ್ತುಕೊಂಡು ಗೋಕಾಕಕ್ಕೆ ಹೋದೆ. ಬ್ಯಾಟರಿಯವನು ‘ಸರತಿ ಐತ್ರಿ, ಇಟ್ಟ ಹೋಗ್ರಿ’ ಎಂದ. ಅದು ತಿರುಗಿ ಬರುವಷ್ಟರಲ್ಲಿ ಕಾಕಾನ ಎಷ್ಟೋ ಸಂಜೆಗಳು ಕಳೆದುಹೋಗಿದ್ದವು.

ತಂದು ಹಚ್ಚಿದ ಸಂಜೆ ಕಟ್ಟೆ ತುಂಬಿತ್ತು. ಅವ್ವ ತಲೆಯ ಮೇಲೆ ಸೆರಗು ಹೊದ್ದು ಮುಂದೆ ಕುಳಿತಳು. ಚರ್‍ ಎಂದಿತು, ಹಾಡು ಮುಗಿಯಿತು. ‘ಏನ್ರೆವ್ವಾ, ಎಲ್ಲಾರೂ ಆರಾಮ ಅದೀರಿಲ್ಲೊ? ಆರಾಮ ಇರಬೇಕ್ರಿ ಮತ್ತ!’ ಅದೇ ಕಾಕಾ, ಅದೇ ನಗು. ಆದರೆ ಕಟ್ಟೆಯ ಮೇಲೆ ಯಾರೂ ಉತ್ತರ ಕೊಡಲಿಲ್ಲ.

‘ಕೇಳಬೇ’ ಎಂದೆ.

‘ಯಾರನ್ನ?’

‘ಕಾಕಾನ್ನ.’

‘ಇಂವಾ ಅಂವಲ್ಲ.’

ಬಾಜೂ ಮನೆಯ ಮುದುಕಿ, ‘ನೆಗಡಿ ಬಂದಿರಬೇಕ ಬಿಡವ್ವಾ’ ಎಂದಳು. ಬ್ಯಾಟರಿ ಹೊಸದಾಗಿ ತುಂಬಿದ್ದಕ್ಕೆ ದನಿ ಬಿರುಸಾಗಿದೆ ಎಂದು ನಾನೂ ಸೇರಿಸಿದೆ. ಅವ್ವ ತಲೆ ಅಲ್ಲಾಡಿಸಿದಳು. ‘ಅಂವಾ ಕೇಳಿ ಸುಮ್ಮನ ಕುಂಡ್ರತಿದ್ದ. ಇಂವಾ ತಾನ ಕೇಳತಾನು, ತಾನ ಹೇಳತಾನು.’

ಖರೆ. ದರ ಹೇಳಿ ಬಾಯಿ ಮುಚ್ಚುವ ವಿದ್ಯೆ ಬಲ್ಲ ನನ್ನ ಕಿವಿಗೆ ಅದು ಬಿದ್ದಿರಲಿಲ್ಲ. ಆದರೆ ಸೋಲಿನಲ್ಲೂ ಒಂದು ದಾರಿ ಹೊಳೆಯಿತು.

‘ಚಲೋನ ಆತು. ಮನಶ್ಯಾನ ಬದಲಾದ ಮ್ಯಾಲೆ ನಿನ್ನ ಮಾತೂ ಮುಗೀತು. ಅಡತಿಯಂವಾ ಹ್ವಾದ್ರ ಸವದಾನೂ ಹೋದಂಗ.’

ಅವ್ವ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನನಗಿಂತ ಹೆಚ್ಚು ಗೊಂದಲವಿತ್ತು. ‘ಹೆಂಗ ಮುಗೀತದೋ ತಮ್ಮಾ? ಅಂವಾ ಇದ್ದಿದ್ರ ಬಿಡು ಅಂತ ಕೇಳತಿದ್ದೆ. ಈಗ ನನ್ನ ಮಾತ ಬಿಡಾವ್ರ ಯಾರು?’

ಪೇಟೆಯ ಹಿರಿಯರಿಬ್ಬರನ್ನು ಕೇಳಿದೆ. ಒಬ್ಬರು ನಿಮ್ಮ ಅವ್ವನದು ಸರಿ ಎಂದರು, ಇನ್ನೊಬ್ಬರು ಪೆಟ್ಟಿಗೆ ಮಾರಿಬಿಡು ಎಂದರು.

ಹಗೇವು ತೆಗೆದೆವು. ಚಪ್ಪಡಿ ಸರಿಸಿ, ವಿಷಗಾಳಿ ಹೋಗಲೆಂದು ಬಿಟ್ಟು, ಆಮೇಲೆ ಕಂದೀಲು ಇಳಿಸಿ, ಅದು ಆರದೆ ಇದ್ದದ್ದನ್ನು ನೋಡಿ ಆಳು ಇಳಿದ. ಹಗೇವಿನ ಜೋಳಕ್ಕೆ ಒಂದು ಹುಳಿ ವಾಸನೆ ಇರುತ್ತದೆ. ಓಣಿಯೆಲ್ಲ ಅದೇ ವಾಸನೆ. ಹೆಂಗಸರು ಬುಟ್ಟಿ, ಮೊರ, ಸೆರಗು ಒಡ್ಡಿಕೊಂಡು ಬಂದರು. ಸುಗ್ಗಿಯಲ್ಲಿ ತಿರುಗಿ ಕೊಡುವವರು ಕೊಡಲಿ ಎಂದಳು ಅವ್ವ. ಕಾಯಿಪಲ್ಲೆಯವಳ ಹತ್ತಿರ ಒಂದು ಹಿಡಿ ಕೊತ್ತಂಬರಿಗೆ ಅರ್ಧ ಮುಂಜಾನೆ ಜಗಳಾಡುತ್ತಿದ್ದವಳು, ಮೊರ ತುಂಬಿದ ಮೇಲೂ ಒಂದೊಂದು ಬೊಗಸೆ ಮೇಲೆ ಸುರಿದಳು.

ಮುಂಬಯಿಗೆ ಹೋಗಿಬರುವ ಒಬ್ಬ ಅರಿವೆ ವ್ಯಾಪಾರಿಯನ್ನು ಆ ಕಾಕಾ ಎಲ್ಲಿಗೆ ಹೋದ ಎಂದು ಕೇಳಿದೆ. ‘ಕಾಕಾ ಅಂದ್ರ ಒಂದ ಹುದ್ದೆ ಇದ್ದಂಗ್ರಿ. ಪಗಾರಕ್ಕ ಯಾರರೆ ಕುಂತು ಓದತಾರು. ಬರದ ಕೊಡಾವ್ರ ಬ್ಯಾರೇನ ಇರತಾರು’ ಎಂದ. ಹಾಗಾದರೆ ನಮ್ಮ ಜೋಳ ಕೇಳಿದವನು ಓದಿದವನೋ ಬರೆದವನೋ? ಆ ಸುಮ್ಮನಿರುವುದನ್ನೂ ಯಾರಾದರೂ ಬರೆದು ಕೊಟ್ಟಿದ್ದರೋ? ಅವ್ವನಿಗೆ ಇದನ್ನು ಹೇಳಲಿಲ್ಲ.

ಅಂಜುತ್ತಲೇ ಪೇಟೆಗೆ ಹೋದೆ. ಮಸಗುಪ್ಪಿಯ ಒಬ್ಬ ರೈತರು ಬೆಲ್ಲದ ಗಾಡಿ ತಂದಿದ್ದರು, ಭಾರೀ ಗಟ್ಟಿ ಮನುಷ್ಯ. ವಲ್ಲಿಯ ಕೆಳಗೆ ನಾನು ಬೆರಳು ಹಿಡಿಯುವಷ್ಟರಲ್ಲೇ ಅವರು ಕೈ ಸಡಿಲು ಬಿಟ್ಟು, ನನ್ನ ದರಕ್ಕೇ ಒಪ್ಪಿದರು. ನನಗೆ ಅರ್ಥವಾಗಲಿಲ್ಲ. ಗಾಡಿ ಇಳಿಸುವಾಗ ಕಿವಿಯ ಹತ್ತಿರ ಬಂದು ಕೇಳಿದರು: ‘ಒಂದನ್ನ ಹಂಗ ಓಣಿಗೆ ಸುರದ್ರ್ಯಂತ. ಇನ್ನೊಂದು ಹಗೇವು ಎಲ್ಲೈತ್ರಿ?’

ನಾನು ಇದೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಇಂಥ ಹೊತ್ತಿನಲ್ಲಿ ನಿಮಗೂ ಅದನ್ನೇ ಹೇಳುತ್ತೇನೆ, ಸುಮ್ಮನಿರಿ. ಆದರೆ ನನ್ನ ಮುಖದಲ್ಲಿ ಅವರು ಏನನ್ನು ನೋಡಿದರು ಎಂಬುದು ನನಗೆ ಗೊತ್ತಿಲ್ಲ. ನೆಲದಲ್ಲಿ ಜೋಳವಿರಲಿಲ್ಲ. ಮುಖ ಮಾತ್ರ ಮೊದಲಿನಂತೆಯೇ ಇತ್ತೆಂದು ಕಾಣುತ್ತದೆ.

ರೇಡಿಯೊ ಮಾರಲಿಲ್ಲ. ಹೊಸ ಕಾಕಾ ಬರುತ್ತಲೇ ಇದ್ದ, ಬರಬರುತ್ತ ಅವನಿಗೂ ಕೆಲಸ ಹದವಾಯಿತು. ಒಂದು ಸಂಜೆ ‘ಏನವ್ವಾ, ನಾ ಹೇಳಿದ್ದು ಒಪ್ಪತೀರಿಲ್ಲೊ?’ ಎಂದು ಕೇಳಿ, ಮೊಟ್ಟಮೊದಲ ಸಲ ಸುಮ್ಮನಾದ. ಏನನ್ನು ಒಪ್ಪಬೇಕೆಂದು ಚರ್‍ ಸದ್ದಿನಲ್ಲಿ ಯಾರಿಗೂ ಕೇಳಿರಲಿಲ್ಲ. ಕಟ್ಟೆಯವರೆಲ್ಲ ಅವ್ವನ ಕಡೆ ನೋಡಿದರು. ಅವಳು ಎಲೆ-ಅಡಿಕೆಯನ್ನು ಬಾಯಿ ತುಂಬ ಹಾಕಿಕೊಂಡು, ಈ ಸಲ ನೀನೇ ಹೇಳು ಎನ್ನುವಂತೆ ಬೆರಳಿನಿಂದ ನನ್ನನ್ನು ತೋರಿಸಿದಳು. ಪೆಟ್ಟಿಗೆ ಕಾಯುತ್ತಿತ್ತು. ನಾನು ಬಾಯಿ ಬಿಗಿಹಿಡಿದು ಕುಳಿತೆ, ಬೆವರುತ್ತ.