ಇಪ್ಪತ್ನಾಲ್ಕನೆಯ ಗುಲಗಂಜಿ

ಡಿಸೆಂಬರ್ ತಿಂಗಳ ಮೊದಲ ಗುರುವಾರ. ಬಡವನಹಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ಹಳ್ಳಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹಿತ್ತಲಿನ ಹೊಂಗೆಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಗಂಗಾಂಬಿಕಾ ಕೂತಿದ್ದಾರೆ. ಎಡಕ್ಕೆ ತಂಗಡಿ ಗಿಡದ ಕಡ್ಡಿಯಲ್ಲಿ ಹೆಣೆದ ದುಂಡನೆಯ ಸಿಂಬೆಗಳ ರಾಶಿ, ಬಲಕ್ಕೆ ಮುಚ್ಚಳವಿರುವ ಸ್ಟೀಲ್ ಡಬ್ಬಿ. ಒಂದೊಂದೇ ಸಿಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ಬಿಚ್ಚುತ್ತಾರೆ, ಕೆಂಪು ಗುಲಗಂಜಿಗಳನ್ನು ಅಂಗೈಗೆ ಉದುರಿಸಿಕೊಂಡು ಎಣಿಸುತ್ತಾರೆ, ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾರೆ. ಪ್ರತಿ ಸಿಂಬೆಗೂ ಇಪ್ಪತ್ನಾಲ್ಕು. ಅವರೇ ಪೋಣಿಸಿದ್ದು, ಅವರಿಗೆ ಗೊತ್ತು.

ಮೂವತ್ತೈದನೆಯ ಸಿಂಬೆಯಲ್ಲಿ ಇಪ್ಪತ್ತಮೂರು ಬರುತ್ತದೆ.

ಇನ್ನೊಮ್ಮೆ ಎಣಿಸುತ್ತಾರೆ. ಮತ್ತೊಮ್ಮೆ. ಸಿಂಬೆಯ ಕಡ್ಡಿಗಳ ಸಂದಿಯಲ್ಲಿ ಬೆರಳಾಡಿಸುತ್ತಾರೆ, ಅದು ಬಂದ ಚೀಲವನ್ನು ಒಳಹೊರಗು ಮಾಡಿ ಕೊಡವುತ್ತಾರೆ. ಒಂದು ಕಡೆ ತಂತಿಯ ಕುಣಿಕೆ ಖಾಲಿ ನಿಂತಿದೆ, ಕಾಳಿಲ್ಲ. ಸಿಂಬೆಗೆ ಕಟ್ಟಿರುವ ಚೀಟಿಯಲ್ಲಿ 'ಶಿರಾ' ಎಂದು ಬರೆದಿದೆ. ಈ ಸಲ ಶಿರಾಕ್ಕೆ ಹೋದದ್ದು ಇದೊಂದೇ.

"ಶಿರಾದ ಮನೇಲಿ ಮಗು ಐತೆ. ಒಂದೂವರೆ ವರ್ಸುದ್ದು," ಎನ್ನುತ್ತಾರೆ. ಅಷ್ಟು ಹೇಳಿ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ.

ಮಧುಗಿರಿ, ಶಿರಾ, ತುಮಕೂರಿನ ಹಲವು ಮನೆಗಳ ಬಾಗಿಲಲ್ಲಿ ಕ್ರಿಸ್‌ಮಸ್ ಹೊತ್ತಿಗೆ ತೂಗುವ ಕಡ್ಡಿಯ ಬಳೆಗಳು ಈ ಹಿತ್ತಲಿನಿಂದಲೇ ಹೋಗುತ್ತವೆ. ಕೊಳ್ಳುವವರಿಗೆ ಇದು ತಿಳಿಯದು. ನಲವತ್ತೊಂದು ವರ್ಷದ ಗಂಗಾಂಬಿಕಾ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಆರು ವರ್ಷದ ಹಿಂದೆ ಅದೇ ಶಾಲೆಯಲ್ಲಿದ್ದ ಫಿಲೋಮಿನಾ ಟೀಚರ್, ಈಕೆ ಅನ್ನದ ಹಂಡೆ ಇಳಿಸಲು ತಂಗಡಿ ಕಡ್ಡಿಯ ಸಿಂಬೆ ಹೆಣೆಯುವುದನ್ನು ನೋಡಿ, "ಇದನ್ನೇ ಇನ್ನೊಂದು ಮಾಡಿಕೊಡಮ್ಮ, ಹಬ್ಬಕ್ಕೆ ಬಾಗಿಲಿಗೆ ಹಾಕ್ತೀನಿ" ಎಂದರು. ಊರೆಲ್ಲ ನಕ್ಕಿತು. ತಲೆ ಮೇಲೆ ಕೊಡದಡಿ ಇರಬೇಕಾದ ಸಿಂಬೆಯನ್ನು ಬಾಗಿಲಿಗೆ ನೇತುಹಾಕುತ್ತಾರಂತೆ ಎಂದು ನೀರಿನ ಟ್ಯಾಂಕಿನ ಹತ್ತಿರ ವಾರವಿಡೀ ಅದೇ ಮಾತು. ಟೀಚರ್ ನಿವೃತ್ತರಾಗಿ ಮಧುಗಿರಿಯಲ್ಲಿ ನೆಲೆಸಿದ ಮೇಲೂ ಪರಿಚಯದವರಿಂದ ಬೇಡಿಕೆ ತರುವುದು ನಿಲ್ಲಿಸಲಿಲ್ಲ.

ಅಂಗಡಿಯಿಂದ ತರುವುದು ಸಣ್ಣ ತಂತಿಯೊಂದೇ. ಮಿಕ್ಕಿದ್ದೆಲ್ಲ ಹಿತ್ತಲು ಮತ್ತು ಬೇಲಿ ಕೊಡುತ್ತವೆ. ಜೋಳದ ದಂಟು ಸೀಳಿ ನಕ್ಷತ್ರ, ಮುಸುಕಿನ ಜೋಳದ ಸಿಪ್ಪೆಯಿಂದ ರೆಕ್ಕೆಯ ಗೊಂಬೆ, ಎಕ್ಕದ ಕಾಯಿ ಒಡೆದರೆ ಹಿಮದಂಥ ಹತ್ತಿ, ಕೆಂಪು ಬಣ್ಣಕ್ಕೆ ಗುಲಗಂಜಿ. ಮುಂಜಾನೆ ನಾಲ್ಕೂವರೆಗೆ ಕೂತರೆ ಶಾಲೆಗೆ ಹೊರಡುವಷ್ಟರಲ್ಲಿ ಎರಡು ಸಿಂಬೆ, ಸಂಜೆ ಇನ್ನೆರಡು. ದೀಪಾವಳಿ ಕಳೆದ ಮೇಲೆ ಶುರುವಾಗುವ ಕೆಲಸವಿದು. "ನಮ್ಮನೇಲಿ ಕ್ರಿಸ್‌ಮಸ್ಸಿಲ್ಲ. ಗೋಡೆ ಮೇಲೆ ಬುದ್ಧ ಅವ್ನೆ, ದೇವರ ಗೂಡಲ್ಲಿ ಮನೆದೇವರು. ಆದ್ರೂ ಆ ತಿಂಗಳು ಬಂದ್ರೆ ಕೈ ತಾನಾಗೇ ತಂಗಡಿ ಹುಡುಕ್ತದೆ," ಎನ್ನುತ್ತಾರೆ.

ಹಿಂದಿನ ವರ್ಷಗಳಲ್ಲಿ ಗುಲಗಂಜಿಯನ್ನು ಜಾಲಿಯಂಟಿನಿಂದ ಅಂಟಿಸುತ್ತಿದ್ದರು. ಕಳೆದ ಡಿಸೆಂಬರಿನಲ್ಲಿ ಬಿದ್ದ ಅಕಾಲದ ಮಳೆಗೆ ಅಂಟು ಕರಗಿ ಕಾಳೆಲ್ಲ ಉದುರಿದವು. ದೂರು ಬಂತು. ಈ ವರ್ಷ ಹಾಗಾಗಬಾರದೆಂದು ಕಾಳನ್ನು ಬಿಸಿನೀರಿನಲ್ಲಿ ನೆನೆಸಿ, ಕಾಯಿಸಿದ ಸೂಜಿಯಿಂದ ಒಂದೊಂದಕ್ಕೂ ತೂತು ಹಾಕಿ, ತಂತಿಗೆ ಪೋಣಿಸಿದರು. ಸಿಂಬೆಗೆ ಹೋದ ಕಾಳಿಗೇ ಎಂಟುನೂರ ಎಂಬತ್ತೆಂಟು ತೂತು. ಬೆರಳ ತುದಿಯಲ್ಲಿ ಬೊಬ್ಬೆ ಬಂದಿದ್ದರೂ ಕೆಲಸ ಗಟ್ಟಿಯಾಯಿತೆಂಬ ಸಮಾಧಾನವಿತ್ತು. ಮೂವತ್ತೇಳು ಸಿಂಬೆಗಳು ಬಸ್ಸಿನಲ್ಲಿ ಮಧುಗಿರಿಗೆ ಹೋದವು. ಅಲ್ಲಿಂದ ಮನೆಮನೆ ಸೇರಿದವು.

ತಪ್ಪು ಹಿಡಿದವರು ಅತ್ತೆ ಮಾರಕ್ಕ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಎಲ್ಲವನ್ನೂ ಬೆರಳಲ್ಲೇ ನೋಡುವ ಮುದುಕಿ. ಮೊನ್ನೆ ಸೋಮವಾರ ಬೆಳಿಗ್ಗೆ, ತೂತು ಹಾಕಿ ಮಿಕ್ಕಿದ್ದ ಕಾಳುಗಳನ್ನು ಮಡಿಲಿಗೆ ಸುರಿದುಕೊಂಡು ಸವರುತ್ತಿದ್ದವರು ಗಕ್ಕನೆ ಕೈ ನಿಲ್ಲಿಸಿದರು.

"ಲೇ ಗಂಗಾ, ಇದುಕ್ಕೆ ತೂತ ಯಾರು ಹಾಕಿದ್ದು?"

"ನಾನೇ ಕಣತ್ತೆ. ಉದುರಬಾರದು ಅಂತ."

"ಅಯ್ಯೋ ನಿನ್ನ. ನಮ್ಮಪ್ಪನ ಎತ್ತು ಸತ್ತಿದ್ದು ಇದ್ರಿಂದ್ಲೇ ಕಣೆ. ಆಗದೋರು ಯಾರೋ ಅರೆದು ಮುಳ್ಳಿಗೆ ಬಳಿದು ಚುಚ್ಚಿಬುಟ್ರು. ಇಡೀ ಕಾಳು ನುಂಗಿದ್ರೆ ಇಡೀದಾಗೇ ಆಚೆ ಬತ್ತದೆ. ತೂತ ಹಾಕಿದ್ರೆ ವಿಷಕ್ಕೆ ಬಾಗ್ಲು ತೆಗೆದಂಗೆ."

ಈ ಸೀಮೆಯಲ್ಲಿ ಗುಲಗಂಜಿಯನ್ನು ಮಕ್ಕಳ ದೃಷ್ಟಿಗೆಂದು ಅರಗಿನಲ್ಲಿ ಕೂರಿಸುತ್ತಾರೆ, ಅಕ್ಕಸಾಲಿಗರು ತಕ್ಕಡಿಗೆ ಹಾಕುತ್ತಾರೆ. ಯಾರೂ ಚುಚ್ಚುವುದಿಲ್ಲ. ಏಕೆ ಚುಚ್ಚುವುದಿಲ್ಲವೆಂದು ಗಂಗಾಂಬಿಕಾ ಎಂದೂ ಕೇಳಿರಲಿಲ್ಲ. ಬೇಲಿಯ ಗುಲಗಂಜಿ ಬಳ್ಳಿಯನ್ನೇ ಕಿತ್ತೆಸೆಯಲು ಎದ್ದ ಸೊಸೆಯನ್ನು ಮುದುಕಿ ತಡೆದರು. "ಬಳ್ಳಿ ಏನ್ ಮಾಡ್ತು? ಸೂಜಿ ಹಿಡಿದೋಳು ನೀನು."

ಗಂಡ ರಂಗರಾಜು ಗಾರೆ ಕೆಲಸದವರು, ಹೆಚ್ಚು ಮಾತಿಲ್ಲ. ಅವತ್ತು ಮಾತ್ರ, ಟೀಚರಿಗೆ ತಿಳಿಸಲು ಹೊರಟ ಹೆಂಡತಿಯ ಕೈಯಿಂದ ಫೋನ್ ಕಿತ್ತುಕೊಂಡರು. "ಅದ್ರ ಮೇಲೆ ನಿನ್ನ ಹೆಸ್ರು ಎಲ್ಲಿ ಬರ್ದೈತೆ? ಬಾಗ್ಲಲ್ಲಿ ನೇತಾಕೋ ವಸ್ತುನ ಯಾರು ತಿಂತಾರೆ? ಸುಮ್ಕಿರು. ಗೊತ್ತಾದ್ರೆ ಇಸ್ಕೂಲಲ್ಲಿ ಅಡಿಗೆ ಮಾಡಾಕೂ ಬುಡಲ್ಲ ನಿನ್ನ."

ಆ ಮಾತು ನಾಟಿತು. ಶಾಲೆಯಲ್ಲಿ ಅರವತ್ತೆರಡು ಮಕ್ಕಳು. ವಿಷದ ಕಾಳು ಚುಚ್ಚಿದವಳೆಂದು ಹೆಸರಾದರೆ ಅವಳ ಕೈಯ ಅನ್ನ ಯಾವ ತಾಯಿ ಉಣ್ಣಲು ಬಿಡುತ್ತಾಳೆ? ಒಂದು ಗಂಟೆ ಒಲೆಯ ಮುಂದೆ ಕೂತಿದ್ದರು. ಬೇಳೆ ತೊಳೆಯುವಾಗ ನೀರಿನಲ್ಲಿ ಎಲ್ಲೋ ಕೆಂಪು ಕಂಡಂತಾಗಿ ಎರಡು ಸಲ ಬೇಳೆಯನ್ನು ಮೊರಕ್ಕೆ ಹರವಿ ಹುಡುಕಿದರು. ಏನೂ ಇರಲಿಲ್ಲ. ಆಮೇಲೆ ಗಂಡನ ಅಂಗಿ ಜೇಬಿನಿಂದ ಫೋನ್ ತೆಗೆದು ಟೀಚರಮ್ಮನಿಗೆ ಹೇಳಿದರು.

"ಬೈದಿದ್ರೆ ಚೆಂದಾಗಿತ್ತು. ಅವ್ರು ಬೈಲಿಲ್ಲ. 'ಗಂಗಾ, ಎಲ್ಲರಿಗೂ ಫೋನ್ ಮಾಡ್ತೀನಿ, ನೀನೇ ಹೇಳಿದ್ದು ಅಂತಾನೂ ಹೇಳ್ತೀನಿ' ಅಂದ್ರು."

ಸೋಮವಾರ ಸಂಜೆಯಿಂದ ಬುಧವಾರದವರೆಗೆ ಸಿಂಬೆಗಳು ಚೀಲ ಸೇರಿದವು, ಪ್ರತಿಯೊಂದಕ್ಕೂ ಟೀಚರಮ್ಮ ಊರಿನ ಚೀಟಿ ಕಟ್ಟಿದರು, ಅದೇ ಬಸ್ಸಿನಲ್ಲಿ ವಾಪಸ್ ಬಂದವು. ಎಣಿಸುವ ಯೋಚನೆ ಗಂಗಾಂಬಿಕಾ ಅವರದೇ. ಎಣಿಸದಿದ್ದರೆ ಆ ಒಂದು ಕಾಳಿನ ಸುದ್ದಿ ಯಾರಿಗೂ ತಿಳಿಯುತ್ತಿರಲಿಲ್ಲ.

ಗುರುವಾರ ಬೆಳಗ್ಗೆ ಆರಕ್ಕೆ ಗಂಗಾಂಬಿಕಾ ಟೀಚರಮ್ಮನಿಗೆ ಮತ್ತೆ ಫೋನ್ ಮಾಡುತ್ತಾರೆ. ಶಿರಾದ ತಾಯಿ ಬಾಗಿಲು, ಸೋಫಾದ ಸಂದಿ, ಕಸದ ಬುಟ್ಟಿ ಎಲ್ಲ ಜಾಲಾಡಿದರೂ ಕಾಳು ಸಿಗುವುದಿಲ್ಲ. ಮಗುವನ್ನು ತುಮಕೂರಿನ ಆಸ್ಪತ್ರೆಗೆ ಒಯ್ಯುತ್ತಾರೆ. ಈಗ ಏನೂ ಕಾಣದಿದ್ದರೂ ಎರಡು ಮೂರು ದಿನ ಕಾಯಬೇಕು ಎನ್ನುತ್ತಾರೆ ಡಾಕ್ಟರು.

ಆ ಮೂರು ದಿನ ಗಂಗಾಂಬಿಕಾ ಕಡ್ಡಿ ಮುಟ್ಟುವುದಿಲ್ಲ. ಕೈಯನ್ನು ಸೋಪಿನಲ್ಲಿ ತೊಳೆದದ್ದೇ ತೊಳೆದದ್ದು. ಶಾಲೆಗೆ ಹೋಗುತ್ತಾರೆ, ಬಡಿಸುವಾಗ ಮಕ್ಕಳ ತಟ್ಟೆಯನ್ನೇ ನೋಡುತ್ತಾರೆ. ಒಂದು ಮಗು ಕೆಮ್ಮಿದರೆ ಸೌಟು ಬಿಟ್ಟು ಅದರ ಬಳಿಗೆ ಹೋಗುತ್ತಾರೆ. ಫೋನನ್ನು ಕುಪ್ಪಸದೊಳಗೇ ಇಟ್ಟುಕೊಂಡಿರುತ್ತಾರೆ, ಅದು ಅದುರಿದೊಡನೆ ಹೊರತೆಗೆಯುತ್ತಾರೆ. ಒಮ್ಮೆ ಗ್ಯಾಸ್ ಏಜೆನ್ಸಿಯದು, ಒಮ್ಮೆ ತಪ್ಪು ನಂಬರು.

"ಯಾಕ್ ಹಂಗೆ ಬೆವರ್ತೀಯ? ಕಾಳು ಇಲಿ ತಕ್ಕೊಂಡೋಗಿರ್ತದೆ ಬುಡು," ಎನ್ನುತ್ತಾರೆ ಮಾರಕ್ಕ. ಹಾಗೆಂದವರೇ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾರೆ.

ಭಾನುವಾರ ಬೆಳಗ್ಗೆ ಹೊಸ ನಂಬರಿನಿಂದ ಕರೆ. ಶಿರಾದ ತಾಯಿಯೇ. ಆಚೆಯಿಂದ ಮಗುವಿನ ಅಳು ಕೇಳುತ್ತದೆ. ಗಂಗಾಂಬಿಕಾ ಮೆಟ್ಟಿಲ ಮೇಲೆ ಕುಕ್ಕರಿಸುತ್ತಾರೆ.

"ಗಂಗಾಂಬಿಕಾ ಅವರಾ? ಗಾಬರಿ ಬೇಡಿ, ಇದು ಬಿಸ್ಕತ್ತಿಗೆ ಅಳೋದು. ಡಿಸ್ಚಾರ್ಜ್ ಮಾಡಿದ್ರು. ರಕ್ತ ಎಲ್ಲ ಸರಿಯಾಗಿದೆಯಂತೆ. ಕಾಳು ಮಾತ್ರ ಸಿಕ್ಕಲಿಲ್ಲ."

ಗಂಗಾಂಬಿಕಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಆ ತಾಯಿ ಮಾತು ಮುಂದುವರಿಸುತ್ತಾರೆ. "ಸೋಮವಾರ ನಿಮ್ಮ ಮೇಲೆ ತುಂಬಾ ಸಿಟ್ಟು ಬಂದಿತ್ತು. ಆಮೇಲೆ ಎಣಿಸಿ ನೋಡಿದ್ದು ನೀವೇ ಅಂತ ಟೀಚರ್ ಹೇಳಿದ್ರು. ಹಬ್ಬಕ್ಕೆ ಇನ್ನೊಂದು ಕಳಿಸ್ತೀರಾ?"

ಬೇಡವೆಂದವರೂ ಇದ್ದಾರೆ. ಮೂವತ್ತೇಳು ಮನೆಗಳಲ್ಲಿ ಹತ್ತೊಂಬತ್ತು ಮನೆಯವರು ಮಾತ್ರ ಮತ್ತೆ ಕೇಳಿದ್ದಾರೆ. ಮುಂದಿನ ವರ್ಷದ ಮಾತನ್ನು ಯಾರೂ ಎತ್ತಿಲ್ಲ. ಸುದ್ದಿ ಊರಿಗೂ ಮುಟ್ಟಿ, ಶಾಲೆಗೆ ಇಬ್ಬರು ತಾಯಂದಿರು ಮಕ್ಕಳಿಗೆ ಮನೆಯಿಂದ ಬುತ್ತಿ ಕಟ್ಟಿ ಕಳಿಸುತ್ತಿದ್ದಾರೆ. ಹೆಡ್‌ಮಾಸ್ಟರು ಕೇಳಿದಾಗ ಗಂಗಾಂಬಿಕಾ ಒಂದನ್ನೂ ಮುಚ್ಚಿಡಲಿಲ್ಲ, "ಕಟ್ಕೊಂಡು ಬರ್ಲಿ ಬುಡಿ ಸಾ, ನಾನಾಗಿದ್ರೂ ಹಂಗೇ ಮಾಡ್ತಿದ್ದೆ" ಎಂದರು.

ಈಗ ಬುಧವಾರದ ಮುಂಜಾನೆ. ಡಬ್ಬಿಯಲ್ಲಿದ್ದ ಗುಲಗಂಜಿ ಕಾಳುಗಳನ್ನು ರಂಗರಾಜು ಸಿಮೆಂಟಿನಲ್ಲಿ ಕಲಸಿ ಮುದ್ದೆ ಮಾಡಿ ಹೂತಿದ್ದಾರೆ. ಗೋಣಿಯ ಮೇಲೆ ಬಯಲ ಗಿಡದಿಂದ ಕಿತ್ತು ತಂದ ಎಲಚಿ ಹಣ್ಣಿನ ರಾಶಿಯಿದೆ, ಕೆಂಪೂ ಕಂದೂ ಬೆರೆತದ್ದು. ಗುಲಗಂಜಿಯ ಹೊಳಪು ಇದಕ್ಕಿಲ್ಲ, ಹತ್ತು ದಿನಕ್ಕೆ ಸುಕ್ಕಾಗುತ್ತದೆ. ಆದರೂ ಕಡ್ಡಿಯ ಬಣ್ಣಕ್ಕೆ ಒಗ್ಗುತ್ತದೆ. ಗಂಗಾಂಬಿಕಾ ಒಂದು ಹಿಡಿ ತೆಗೆದುಕೊಂಡು, ಅದರಲ್ಲೊಂದನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಾರೆ. ಬೀಜ ಉಗಿದು, ಸ್ವಲ್ಪ ಹೊತ್ತು ಕಾದು, ಆಮೇಲೆ ಮಿಕ್ಕವನ್ನು ಪೋಣಿಸುತ್ತಾರೆ. ಇನ್ನೊಂದು ಹಿಡಿಗೂ ಹಾಗೆಯೇ.

ಎಲಚಿ ಹಣ್ಣಿಗೂ ಇಷ್ಟು ಭಯವೇ ಎಂದು ಕೇಳಿದರೆ, ತಂತಿಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ಭಯ ಹೋಗಿಲ್ಲ. ಹೋಗೋದೂ ಬ್ಯಾಡ. ನಾನು ತಿಂದು ನೋಡ್ದೇ ಇರೋದು ಇನ್ನು ಯಾರ ಮನೆ ಬಾಗ್ಲಿಗೂ ಹೋಗಲ್ಲ."